ಚಿತ್ರದುರ್ಗದ ಕೋಟೆ: ನೀರಿನ ಬೆನ್ನು ಹತ್ತಿ ಒಂದು ಸುತ್ತು

ಚಿತ್ರದುರ್ಗದ ಕೋಟೆಗೆ ಹೋದವರು ಸಾಮಾನ್ಯವಾಗಿ ಒಂದೇ ಥರ ನೋಡಿ ಬರುತ್ತಾರೆ. ಟಿಕೆಟ್ ಕೊಂಡು ಹೆಬ್ಬಾಗಿಲು ದಾಟುವುದು, ಗೈಡ್ ಹೇಳಿದಷ್ಟು ಕೇಳುವುದು, ಏಕನಾಥೇಶ್ವರಿ ಗುಡಿಯ ಮುಂದಿನ ಉಯ್ಯಾಲೆ ಕಂಬದ ಹತ್ತಿರ ಫೋಟೊ, ಆಮೇಲೆ ‘ಓಬವ್ವನ ಕಿಂಡಿ ಎಲ್ಲಿ?’ ಎಂಬ ಪ್ರಶ್ನೆ. ಬಿಸಿಲಿಗೆ ಸುಸ್ತಾಗಿ ಇಳಿದು ಬೆಂಗಳೂರು–ಪುಣೆ ಹೆದ್ದಾರಿ ಹಿಡಿದರೆ ಪ್ರವಾಸ ಮುಗಿಯಿತು. ತಪ್ಪೇನಿಲ್ಲ. ಆದರೆ ಕೋಟೆ ಈ ಬೆಟ್ಟದ ಮೇಲೇ ಏಕೆ ಬಂತು, ಅದಕ್ಕೆ ಏಳು ಸುತ್ತು ಏಕೆ ಬೇಕಾಯಿತು, ಹೈದರಾಲಿಯಂಥ ಹೈದರಾಲಿಗೂ ಅದು ಮೊದಲ ಏಟಿಗೆ ಏಕೆ ದಕ್ಕಲಿಲ್ಲ ಎಂಬುದು ಹೀಗೆ ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೆ ಗೋಡೆಗಳನ್ನು ಸ್ವಲ್ಪ ಹೊತ್ತು ಮರೆತು ನೀರಿನ ಬೆನ್ನು ಹತ್ತಬೇಕು.

ಚಿತ್ರದುರ್ಗ ಬಯಲುಸೀಮೆಯ ಊರು. ರಾಜ್ಯದ ಒಣ ಜಿಲ್ಲೆಗಳ ಪಟ್ಟಿ ಮಾಡಿದರೆ ಮೊದಲ ಸಾಲಿನಲ್ಲೇ ಇದರ ಹೆಸರು. ಒಳ್ಳೆಯ ವರ್ಷದಲ್ಲಿ ಬೀಳುವ ಮಳೆ ಐನೂರು, ಆರುನೂರು ಮಿಲಿಮೀಟರು. ಕೆಟ್ಟ ವರ್ಷದ ಮಾತು ಬೇಡ. ಕೋಟೆಯ ಪಕ್ಕದಲ್ಲಿ ಹೊಳೆ ಹರಿಯುವುದಿಲ್ಲ. ಶ್ರೀರಂಗಪಟ್ಟಣಕ್ಕೆ ಕಾವೇರಿ ಇದೆ, ಹಂಪಿಗೆ ತುಂಗಭದ್ರೆ ಇದೆ, ದುರ್ಗಕ್ಕೆ ಇರುವುದು ಆಕಾಶ ಒಂದೇ. ಅಂಥ ಕಡೆ ಬೋಳು ಬಂಡೆಗಳ ಬೆಟ್ಟದ ಮೇಲೆ ಅರಮನೆ, ಗುಡಿ, ಮಠ, ಕಣಜ, ಟಂಕಸಾಲೆ, ಸೈನ್ಯ, ಕುದುರೆ, ಆನೆ ಎಲ್ಲ ಇಟ್ಟುಕೊಂಡು ಇನ್ನೂರು ವರ್ಷಕ್ಕೂ ಮಿಕ್ಕಿ ನಾಯಕರ ಒಂದು ಮನೆತನ ಆಳಿತು. ಹೇಗೆ?

ಉತ್ತರ ಆ ಬೋಳು ಬಂಡೆಯಲ್ಲೇ ಇದೆ. ದುರ್ಗದ ಬೆಟ್ಟಗಳ ಗ್ರಾನೈಟ್ ಸುಮಾರು 260 ಕೋಟಿ ವರ್ಷ ಹಳೆಯದು. ಮಣ್ಣಿನ ಗುಡ್ಡದ ಮೇಲೆ ಬಿದ್ದ ಮಳೆಯಲ್ಲಿ ಬಹುಪಾಲನ್ನು ನೆಲವೇ ಕುಡಿದುಬಿಡುತ್ತದೆ. ಗ್ರಾನೈಟ್ ಬಂಡೆ ಕುಡಿಯುವುದಿಲ್ಲ, ಜಾರಿಸುತ್ತದೆ. ಒಂದು ಹೆಕ್ಟೇರ್ ಬಂಡೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಹತ್ತು ಸಾವಿರ ಲೀಟರ್ ನೀರು. 500 ಮಿಲಿಮೀಟರ್ ಬಿದ್ದರೆ 50 ಲಕ್ಷ ಲೀಟರ್. ಅದರಲ್ಲಿ ಮೂರನೇ ಒಂದು ಭಾಗ ಸೋರಿ, ಆವಿಯಾಗಿ ಹೋಯಿತು ಎಂದುಕೊಳ್ಳಿ. ಉಳಿದದ್ದು 33 ಲಕ್ಷ ಲೀಟರಿಗಿಂತ ಹೆಚ್ಚು. ತಲೆಗೆ ದಿನಕ್ಕೆ ಹತ್ತು ಲೀಟರಿನಂತೆ ಸಾವಿರ ಜನಕ್ಕೆ ಹನ್ನೊಂದು ತಿಂಗಳು ಸಾಕು. ಇದು ನನ್ನ ಕಾಗದದ ಲೆಕ್ಕ, ನಿಜ. ಹೊಂಡದಲ್ಲಿ ನಿಂತ ನೀರು ಬೇಸಿಗೆಯಲ್ಲಿ ಇನ್ನಷ್ಟು ಇಂಗುತ್ತದೆ, ಆನೆ ಕುದುರೆಗಳು ಮನುಷ್ಯರಿಗಿಂತ ಹಲವು ಪಟ್ಟು ಕುಡಿಯುತ್ತವೆ. ಆದರೂ ಲೆಕ್ಕದ ದಿಕ್ಕು ಸ್ಪಷ್ಟ: ಬೆಟ್ಟದ ಮೇಲೆ ಹತ್ತಾರು ಹೆಕ್ಟೇರ್ ಬಂಡೆ ಇದ್ದು, ಜಾರುವ ನೀರನ್ನು ಹಿಡಿದಿಡುವ ಜಾಗವೂ ಇದ್ದರೆ, ಬರಗಾಲದ ನಾಡಿನಲ್ಲೂ ಮೇಲೆ ನಿಂತವನು ಬಾಯಾರಿ ಸಾಯಬೇಕಿಲ್ಲ.

ಹಿಡಿದಿಡುವ ಜಾಗಗಳೇ ಹೊಂಡಗಳು. ಮೇಲ್ಗಡೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ಹೆಚ್ಚಿನ ನೀರು ಕೆಳಗಿನ ಅಕ್ಕ–ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ಹರಿದದ್ದು ಬೆಟ್ಟದ ಬುಡದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ. ಕೋಟೆಯವರಿಗೆ ಮೊದಲ ಪಾಲು, ಪೇಟೆಯವರಿಗೆ ಉಳಿದದ್ದು. ಒಂದು ಹನಿಯೂ ದಂಡವಾಗದ ಏರ್ಪಾಡು. ಇಂದಿಗೂ ಒಳ್ಳೆಯ ಮಳೆಯಾದ ವರ್ಷ ‘ಗೋಪಾಲಸ್ವಾಮಿ ಹೊಂಡ ತುಂಬಿತು’ ಎಂಬುದು ದುರ್ಗದ ಜನರಿಗೆ ಸುದ್ದಿಯೇ. ನೋಡಲು ಮಕ್ಕಳು ಮರಿ ಕಟ್ಟಿಕೊಂಡು ಹತ್ತುತ್ತಾರೆ. ಹೊಂಡಗಳಿರುವ ಜಾಗವನ್ನು ಗಮನಿಸಿ. ಎರಡು ಬಂಡೆಗಳು ಎಲ್ಲಿ ಸಹಜವಾಗಿ ಕೂಡುತ್ತವೆಯೋ ಅಲ್ಲಿ ಒಂದು ಅಡ್ಡಗೋಡೆ ಎಬ್ಬಿಸಿದರೆ ಸಾಕು, ಉಳಿದ ಗೋಡೆಗಳನ್ನು ಬೆಟ್ಟವೇ ಕೊಡುತ್ತದೆ.

ಇದು ನಾಯಕರು ಹುಟ್ಟುಹಾಕಿದ ಜಾಣ್ಮೆಯೇನಲ್ಲ. ಕೋಟೆಯ ಬೆನ್ನಿಗಿರುವ ಚಂದ್ರವಳ್ಳಿ ಕಣಿವೆಗೆ ಇಳಿದರೆ ಭೈರವೇಶ್ವರ ಗುಡಿಯ ಹತ್ತಿರ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಸಾಮಾನ್ಯವಾಗಿ 4ನೇ ಶತಮಾನದ್ದು ಎನ್ನುತ್ತಾರೆ. ಕನ್ನಡ ನಾಡಿನ ಮೊದಲ ರಾಜಮನೆತನವನ್ನು ಕಟ್ಟಿದವನು ಆ ಬಂಡೆಯ ಮೇಲೆ ಬರೆಸಿದ್ದು ತಾನು ಕಟ್ಟಿಸಿದ ಕೆರೆಯ ವಿಷಯ. ‘ತಟಾಕ’ ಎಂಬ ಮಾತು ಅಲ್ಲಿದೆ. ತಾನು ಗೆದ್ದ ನಾಡುಗಳ ಪಟ್ಟಿಯನ್ನೂ ಅದರ ಜೊತೆಗೇ ಕೊಟ್ಟಿದ್ದಾನೆ ಅನ್ನಿ. ಅದೇ ಕಣಿವೆಯಲ್ಲಿ 1929ರಲ್ಲಿ ಎಂ. ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಗೆತ ನಡೆಸಿದರು. ಶಾತವಾಹನರ ನಾಣ್ಯಗಳ ಜೊತೆ ರೋಮಿನ ಬೆಳ್ಳಿ ನಾಣ್ಯಗಳೂ ಸಿಕ್ಕಿದವು. ಎರಡು ಸಾವಿರ ವರ್ಷದ ಹಿಂದೆ ಇಲ್ಲಿ ವ್ಯಾಪಾರದ ಊರಿತ್ತು ಎಂದಾಯಿತು. ನೀರು ನಿಲ್ಲುವ ಕಣಿವೆ ಇರದಿದ್ದರೆ ಊರೂ ಇರುತ್ತಿರಲಿಲ್ಲ.

ಏಳು ಸುತ್ತು

ಬೆಟ್ಟದ ಮೇಲಿನ ಗುಡಿಗಳ ಶಾಸನಗಳಲ್ಲಿ ಹೊಯ್ಸಳರೂ ವಿಜಯನಗರದವರೂ ಬರುತ್ತಾರೆ. ನಾವು ಇವತ್ತು ನೋಡುವ ಕೋಟೆಯ ಬಹುಭಾಗ ಮಾತ್ರ ಕಾಮಗೇತಿ ವಂಶದ ಬೇಡ ನಾಯಕರ ಕಾಲದ್ದು. ವಿಜಯನಗರದ ಅಧೀನದಲ್ಲಿ ತಿಮ್ಮಣ್ಣ ನಾಯಕನಿಗೆ 16ನೇ ಶತಮಾನದಲ್ಲಿ ಈ ಸೀಮೆ ದಕ್ಕಿತು. 1565ರಲ್ಲಿ ವಿಜಯನಗರ ಬಿದ್ದ ಮೇಲೆ ಇಂಥ ನಾಯಕರು ಒಬ್ಬೊಬ್ಬರಾಗಿ ಸ್ವತಂತ್ರರಾದರು. ಸ್ವತಂತ್ರ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಾಳೆಯಗಾರ ಎಂದರೆ ತನ್ನ ಸೀಮೆಯಲ್ಲಿ ಕಂದಾಯ ಎತ್ತಿ, ಪಡೆ ಸಾಕಿ, ಕಾವಲು ಕಾಯುವವನು. ಮೇಲಿರುವ ಬಲಾಢ್ಯನಿಗೆ ಕಾಣಿಕೆ ಕಳಿಸುವವನು, ಯುದ್ಧಕ್ಕೆ ಕರೆದರೆ ಪಡೆಯೊಂದಿಗೆ ಹೋಗುವವನು. ಮೇಲಿನವರು ಬದಲಾಗುತ್ತಲೇ ಇದ್ದರು. ಬಿಜಾಪುರದವರು ಬಂದರು, 17ನೇ ಶತಮಾನದ ಕೊನೆಗೆ ಶಿರಾದಲ್ಲಿ ಮೊಗಲರ ಸುಬೇದಾರ ಕುಳಿತ, ಆಮೇಲೆ ಮರಾಠರು ಚೌತ್ (ಕಂದಾಯದ ನಾಲ್ಕನೇ ಒಂದು ಪಾಲು) ಕೇಳಿದರು, ಕೊನೆಗೆ ಹೈದರ್. ಸುತ್ತ ಹರಪನಹಳ್ಳಿ, ರಾಯದುರ್ಗ, ತರೀಕೆರೆ, ಕೆಳದಿಯ ನಾಯಕರು; ಇವತ್ತು ಬೀಗರು, ನಾಳೆ ಶತ್ರುಗಳು.

ಇಂಥ ಕಡೆ ಬಾಳಬೇಕಾದವನಿಗೆ ದೊಡ್ಡ ಸೈನ್ಯಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಕಾಲಹರಣ ಮಾಡುವ ಶಕ್ತಿ. ಬಲಿಷ್ಠನೊಬ್ಬ ಮುತ್ತಿಗೆ ಹಾಕಿದರೆ ಅವನನ್ನು ಸೋಲಿಸಬೇಕಿಲ್ಲ. ಅವನಿಗೆ ಇನ್ನೊಂದು ದಿಕ್ಕಿನಿಂದ ಶತ್ರು ಬರುವವರೆಗೆ, ಅಥವಾ ಮಳೆ ಬಂದು ಕಪ್ಪು ನೆಲದಲ್ಲಿ ಅವನ ಫಿರಂಗಿ ಗಾಡಿ ಹೂತುಹೋಗುವವರೆಗೆ ತಡೆದುಕೊಂಡರೆ ಸಾಕು. ಏಳು ಸುತ್ತಿನ ಕೋಟೆಯ ಅರ್ಥ ಇದು. ಮೂರು ಸುತ್ತು ಕೆಳಗೆ ಊರನ್ನು ಬಳಸಿಕೊಂಡು, ನಾಲ್ಕು ಸುತ್ತು ಬೆಟ್ಟದ ಮೇಲೆ. ಪ್ರತಿ ಸುತ್ತೂ ಶತ್ರುವಿನ ಕೈಯಿಂದ ಒಂದಿಷ್ಟು ವಾರ ಕಸಿದುಕೊಳ್ಳುವ ಸಾಧನ. ಒಂದು ಸುತ್ತು ಬಿದ್ದಿತೆಂದರೆ ಕೋಟೆ ಬಿದ್ದಂತಲ್ಲ, ಕಾವಲಿನವರು ಮೇಲಿನ ಸುತ್ತಿಗೆ ಹತ್ತಿ ಬಾಗಿಲು ಹಾಕಿಕೊಂಡರೆ ಶತ್ರು ಮತ್ತೆ ಮೊದಲಿನಿಂದ ಆರಂಭಿಸಬೇಕು. ಈ ಸಲ ಇಳಿಜಾರಿನಲ್ಲಿ ನಿಂತು, ಮೇಲಿನಿಂದ ಕಲ್ಲು, ಗುಂಡು ಬೀಳುತ್ತಿರುವಾಗ.

ಬಾಗಿಲುಗಳನ್ನು ದಾಟುವಾಗ ನಿಮ್ಮ ಕಾಲು ಎಷ್ಟು ಸಲ ತಿರುಗುತ್ತದೆ ನೋಡಿಕೊಳ್ಳಿ. ದಾರಿ ನೆಟ್ಟಗೆ ಬಂದು ಬಾಗಿಲಿಗೆ ಸೇರುವುದು ಅಪರೂಪ. ಗೋಡೆಯ ಪಕ್ಕಕ್ಕೆ ಬಂದು, ತಿರುಗಿ, ಇಕ್ಕಟ್ಟಿನಲ್ಲಿ ಬಾಗಿಲು. ಆನೆಯಿಂದ ಬಾಗಿಲು ಒಡೆಸಬೇಕಾದರೆ ಅದಕ್ಕೆ ಓಡಿಬರಲು ಜಾಗ ಬೇಕು. ತಿರುವಿನಲ್ಲಿ ಆ ಜಾಗವಿಲ್ಲ. ತಿರುವಿನಲ್ಲಿ ನಿಂತವನ ಬೆನ್ನು, ಪಕ್ಕೆ ಎರಡೂ ಗೋಡೆಯ ಮೇಲಿನ ಹಲ್ಲಿನಂಥ ತೆನೆಗಳ ಹಿಂದೆ ಅಡಗಿದವನಿಗೆ ಗುರಿ. ಬಾಗಿಲ ಚೌಕಟ್ಟಿನ ಮೇಲೆ ಕೆಳಗೆ ಕಲ್ಲಿನಲ್ಲಿ ಕೊರೆದ ಕುಳಿಗಳಿವೆ, ಕದದ ಗೂಟ ತಿರುಗುತ್ತಿದ್ದ ಜಾಗ. ಎರಡೂ ಪಕ್ಕದ ಗೋಡೆಗಳಲ್ಲಿ ಅಗುಳಿ ಸೇರಿಸುವ ಚೌಕ ತೂತುಗಳು. ಕದಗಳು ಹೋದರೂ ತೂತುಗಳು ಉಳಿದಿವೆ. ಕೈ ಹಾಕಿ ನೋಡಿದರೆ ಅಗುಳಿ ಎಷ್ಟು ದಪ್ಪದ ಮರವಿದ್ದಿರಬೇಕು ಎಂಬ ಅಂದಾಜು ಸಿಗುತ್ತದೆ.

ಗೋಡೆಯ ಕಲ್ಲುಗಳು ಎಲ್ಲಿಂದ ಬಂದವು ಎಂದು ದೂರ ಹುಡುಕಬೇಕಿಲ್ಲ. ದಾರಿಯ ಪಕ್ಕದ ಬಂಡೆಗಳ ಮೇಲೆ ಸಾಲಾಗಿ ಆಯತಾಕಾರದ ಚಿಕ್ಕ ಗುಳಿಗಳು ಕಾಣುತ್ತವೆ, ಯಾರೋ ಅಳತೆಕೋಲು ಇಟ್ಟು ಚುಕ್ಕಿ ಹಾಕಿದಂತೆ. ಕಲ್ಲುಕುಟಿಗರು ಬೆಣೆ ಇಟ್ಟ ಗುರುತು ಅದು. ಸಾಲಿನ ಪ್ರತಿ ಗುಳಿಗೂ ಬೆಣೆ ಕೂರಿಸಿ, ಈ ತುದಿಯಿಂದ ಆ ತುದಿಗೆ ಸರದಿಯಂತೆ ಹೊಡೆಯುತ್ತ ಹೋದರೆ ಗ್ರಾನೈಟ್ ಆ ಗೆರೆಗುಂಟ ಸೀಳುತ್ತದೆ. ಕೆಲವು ಕಡೆ ಗುಳಿ ಕೊರೆದು ಬಂಡೆಯನ್ನು ಸೀಳದೆ ಬಿಟ್ಟಿದ್ದಾರೆ. ಗಾರೆ ಇಲ್ಲದೆ ಒಂದರ ಮೇಲೊಂದು ಕೂತ ದೊಡ್ಡ ದೊಡ್ಡ ಕಲ್ಲುಗಳ ಗೋಡೆಯಲ್ಲಿ ಇನ್ನೊಂದು ಅನುಕೂಲ: ಗುಂಡು ಬಡಿದರೆ ಇಡೀ ಗೋಡೆ ಬಿರಿಯುವುದಿಲ್ಲ, ಬಡಿದ ಕಲ್ಲಷ್ಟೇ ಅಲುಗುತ್ತದೆ. ಗೋಡೆ ನೇರವಾಗಿ ಹುಟ್ಟುಬಂಡೆಯ ಮೇಲೆ ಕೂತಿರುವ ಕಡೆ ಸುರಂಗ ತೋಡಿ ಮದ್ದಿಟ್ಟು ಉರುಳಿಸುವ ಉಪಾಯವೂ ನಡೆಯುವುದಿಲ್ಲ. ಗ್ರಾನೈಟಿನಲ್ಲಿ ಸುರಂಗ ತೋಡುವ ಹೊತ್ತಿಗೆ ಮುತ್ತಿಗೆ ಹಾಕಿದವನ ಮೊಮ್ಮಗ ಹುಟ್ಟಿರುತ್ತಾನೆ.

ನೀರಿನ ಜೊತೆ ಬೇರೆ ದಾಸ್ತಾನೂ ಬೇಕು. ಎಣ್ಣೆ ಕೊಳ ಎಂದು ಕರೆಯುವ ಕಲ್ಲಿನ ತೊಟ್ಟಿಗಳಿವೆ. ಅರಮನೆಯ ಜಾಗದಲ್ಲಿ ಮಣ್ಣಿನ ಎತ್ತರದ ಗೋಡೆಗಳು ಇವತ್ತಿಗೂ ನಿಂತಿವೆ. ಕಲ್ಲಿನ ಬೆಟ್ಟದ ಮೇಲೆ ಅರಸನ ಮನೆಯನ್ನು ಮಣ್ಣಿನಲ್ಲಿ ಕಟ್ಟಿದ್ದು ಮೊದಲ ಸಲ ನೋಡುವವರಿಗೆ ವಿಚಿತ್ರವೆನಿಸುತ್ತದೆ, ಬಿಸಿಲು ನಾಡಿನಲ್ಲಿ ದಪ್ಪ ಮಣ್ಣಿನ ಗೋಡೆಯ ಮನೆಯಲ್ಲಿ ಮಲಗಿದವರಿಗೆ ಅನಿಸುವುದಿಲ್ಲ. ಇನ್ನು ಮದ್ದು ಬೀಸುವ ಕಲ್ಲುಗಳು. ನೆಲದಲ್ಲಿ ತೋಡಿದ ಗುಂಡಿಯಲ್ಲಿ ನಾಲ್ಕು ಭಾರಿ ಬೀಸುಕಲ್ಲುಗಳು, ಪಶುಗಳನ್ನು ಕಟ್ಟಿ ತಿರುಗಿಸುತ್ತಿದ್ದರು ಎನ್ನುತ್ತಾರೆ. ಪೆಟ್ಲುಪ್ಪು, ಇದ್ದಿಲು, ಗಂಧಕ ಮೂರನ್ನೂ ನುಣ್ಣಗೆ ಅರೆದರಷ್ಟೇ ಕೋವಿಮದ್ದು. ಹೊರಗಿನಿಂದ ಮದ್ದು ತರಿಸಿಕೊಳ್ಳುವ ಕೋಟೆ ಮುತ್ತಿಗೆಯ ಎರಡನೇ ತಿಂಗಳಿಗೇ ಮೂಕವಾಗುತ್ತದೆ. ದುರ್ಗದವರು ಮೇಲೆಯೇ ಅರೆದುಕೊಂಡರು.

ಕಿಂಡಿ

ಏಳು ಸುತ್ತಿನ ಗೋಡೆಗೆ ಕಿಂಡಿ ಏಕೆ ಎಂಬ ಪ್ರಶ್ನೆ ಯಾರೂ ಕೇಳುವುದಿಲ್ಲ. ಎಲ್ಲ ಕಡೆಯಿಂದ ಮುಚ್ಚಿದ ಕೋಟೆ ಒಳಗಿನವರಿಗೇ ಸೆರೆಮನೆ. ಹೊರಗೆ ಬೇಹುಗಾರ ಹೋಗಬೇಕು, ಸುದ್ದಿ ಒಳಗೆ ಬರಬೇಕು, ರಾತ್ರಿ ಹೊತ್ತು ಸಣ್ಣ ತಂಡ ಇಳಿದು ಶತ್ರುವಿನ ಬಿಡಾರಕ್ಕೆ ನುಗ್ಗಬೇಕು. ಅದಕ್ಕೆ ಹೆಬ್ಬಾಗಿಲು ತೆರೆಯಲಾಗುವುದಿಲ್ಲ. ಹಾಗಾಗಿ ದಿಡ್ಡಿಗಳು, ಕಳ್ಳದಾರಿಗಳು, ಕಿಂಡಿಗಳು. ದುರ್ಗದ ಕೋಟೆಗೆ 19 ಹೆಬ್ಬಾಗಿಲು, 38 ದಿಡ್ಡಿ, 35 ಕಳ್ಳಗಂಡಿ ಎಂದು ಲೆಕ್ಕ ಹೇಳುವ ವಾಡಿಕೆ. ಸಂಖ್ಯೆ ಏನೇ ಇರಲಿ, ಪ್ರತಿಯೊಂದೂ ಎರಡು ಅಲಗಿನ ಕತ್ತಿ: ನಮ್ಮವರು ಹೊರಗೆ ಹೋಗುವಲ್ಲಿ ಅವರೂ ಒಳಗೆ ಬರಬಹುದು. ಅದಕ್ಕೇ ಒಬ್ಬರು ಮಾತ್ರ, ಅದೂ ಬಗ್ಗಿ, ತಲೆಯನ್ನು ಮೊದಲು ಮುಂದೆ ಚಾಚಿ ನುಸುಳಬೇಕಾದ ಅಳತೆ. ಬರುವವರು ಸಾವಿರ ಇರಲಿ, ಕಿಂಡಿಯ ಈಚೆ ನಿಂತವರಿಗೆ ಎದುರಾಗುವುದು ಒಂದೊಂದೇ ತಲೆ.

ಓಬವ್ವನ ಕಥೆಯನ್ನು ಈ ಅಳತೆಯೊಂದಿಗೆ ಓದಬೇಕು. ಕಾವಲಿನ ಗಂಡ ಊಟಕ್ಕೆ ಮನೆಗೆ ಬಂದಿದ್ದಾನೆ. ಕುಡಿಯಲು ನೀರಿಲ್ಲ, ಆಕೆ ಕೊಡ ಹಿಡಿದು ಹೊರಡುತ್ತಾಳೆ. ಕಿಂಡಿಯ ಬಳಿಯೇ ತಣ್ಣೀರು ದೋಣಿ, ಬಂಡೆಗಳ ನಡುವೆ ತಣ್ಣಗೆ ನಿಲ್ಲುವ ಸಣ್ಣ ನೀರಿನ ತಾವು. ಅಲ್ಲಿಗೆ ಬಂದಾಗಲೇ ಹೈದರನ ಕಡೆಯವರು ನುಸುಳುತ್ತಿರುವ ಸದ್ದು ಕೇಳುತ್ತದೆ. ಓಡಿಹೋಗಿ ಒನಕೆ ತರುತ್ತಾಳೆ. ಈ ಕಥೆ ಉಳಿದುಬಂದಿರುವುದು ಜನರ ಬಾಯಿಯಲ್ಲಿ. ಆದರೆ ಕಿಂಡಿಯ ಮುಂದೆ ನಿಂತು ನೋಡಿದರೆ ಕಥೆಯ ಯುದ್ಧತಂತ್ರದಲ್ಲಿ ಒಂದು ಸುಳ್ಳೂ ಇಲ್ಲ. ಕಾವಲಿನ ಮನೆ ಕಿಂಡಿಗೆ ಹತ್ತಿರ, ನೀರು ಮನೆಗೆ ಹತ್ತಿರ. ಕೋಟೆ ಕಟ್ಟಿದವರು ಕಾವಲಿನ ಠಾಣೆಗಳನ್ನು ನೀರು ಸಿಗುವ ಕಡೆಗೇ ಇಟ್ಟಿದ್ದರು.

1779

ಕೊನೆಯ ಮದಕರಿ ನಾಯಕ ಮತ್ತು ಹೈದರ್ ಮೊದಲಿಂದ ವೈರಿಗಳಲ್ಲ. ಮದಕರಿಯ ಬೇಡ ಪಡೆ ಹೈದರನ ದಂಡಯಾತ್ರೆಗಳಲ್ಲಿ ಕಾದಾಡಿತ್ತು. ಕೆಟ್ಟದ್ದು 1777ರಲ್ಲಿ. ಮರಾಠರೂ ನಿಜಾಮನೂ ಒಟ್ಟಾಗಿ ಮೈಸೂರಿನ ಮೇಲೆ ಬರುವ ಸುದ್ದಿ ಹಬ್ಬಿತು. ಪಡೆಯೊಂದಿಗೆ ಬಾ ಎಂದು ಹೈದರ್ ಹೇಳಿಕಳಿಸಿದ. ಗೆಲ್ಲುವವರು ಯಾರೋ ನೋಡೋಣ ಎಂದು ಮದಕರಿ ತಡೆದ. ಪಾಳೆಯಗಾರನ ಲೆಕ್ಕದಲ್ಲಿ ಇದು ಬುದ್ಧಿವಂತಿಕೆಯೇ, ಇನ್ನೂರು ವರ್ಷ ಆ ಮನೆತನ ಬದುಕಿದ್ದೇ ಹೀಗೆ. ಆದರೆ ಹೈದರ್ ಹಳೆಯ ಕಾಲದ ಸುಬೇದಾರನಲ್ಲ. ದಂಡ ಕೊಡುತ್ತೇನೆಂದರೂ ಕೇಳದೆ ದುರ್ಗಕ್ಕೆ ಮುತ್ತಿಗೆ ಹಾಕಿದ. ತಿಂಗಳುಗಟ್ಟಲೆ ಹೊಡೆದರೂ ಕೋಟೆ ಬೀಳಲಿಲ್ಲ. ಅಷ್ಟರಲ್ಲಿ ಮರಾಠರು ಹತ್ತಿರ ಬಂದರು, ರಾಜಿಯಾಗಿ ಹೈದರ್ ಎದ್ದುಹೋದ. ಕೋಟೆ ತನ್ನ ಕೆಲಸ ಮಾಡಿತ್ತು: ಕಾಲ ಕಳೆಯಿತು, ಇನ್ನೊಂದು ಶತ್ರು ಬಂದ.

ಈ ಮುತ್ತಿಗೆಯ ಬಗ್ಗೆ ಮೈಸೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್ (ಪ್ರತಿನಿಧಿ) ಆಗಿದ್ದ ಮಾರ್ಕ್ ವಿಲ್ಕ್ಸ್ ಬರೆದಿಟ್ಟ ವಿವರ ರೋಮಾಂಚಕವಾಗಿದೆ. ನಾಯಕ ಪ್ರತಿ ಸೋಮವಾರ ದೇವಿಯ ಪೂಜೆ ಮುಗಿಸಿ ಕೋಟೆಯಿಂದ ಹೊರಗೆ ನುಗ್ಗುತ್ತಿದ್ದನಂತೆ. ಪೂಜೆ ಮುಗಿದ ಗುರುತಿಗೆ ಕೊಂಬು ಊದುತ್ತಿದ್ದರು. ಹೊರಗಿನವರಿಗೆ ದಿನ ಗೊತ್ತು, ಹೊತ್ತು ಗೊತ್ತು. ಯಾವ ಕಡೆಯಿಂದ ಬರುತ್ತಾರೆಂಬುದೊಂದೇ ಗೊತ್ತಿಲ್ಲ. ಬೇಡರು ಒಂದು ಸಲವೂ ಬರಿಗೈಯಲ್ಲಿ ಹಿಂದಿರುಗಲಿಲ್ಲ, ಕತ್ತರಿಸಿ ತಂದ ತಲೆಗಳನ್ನು ದೇವಿಗೆ ಒಪ್ಪಿಸುತ್ತಿದ್ದರು, ಕೋಟೆ ಬಿದ್ದ ಮೇಲೆ ಗುಡಿಯ ಮುಂದೆ ಸಾಲುಸಾಲಾಗಿ ಪೇರಿಸಿದ ಎರಡು ಸಾವಿರ ತಲೆಗಳು ಸಿಕ್ಕವು ಎನ್ನುತ್ತಾನೆ. ವಿಲ್ಕ್ಸ್ ಹೈದರನಿಗೂ ಪಾಳೆಯಗಾರರಿಗೂ ಸೇರಿದವನಲ್ಲ, ಎಲ್ಲ ದೇಶೀಯ ಅರಸರನ್ನೂ ಒರಟರನ್ನಾಗಿ ಕಾಣುವ ಕಂಪನಿಯ ಕಣ್ಣು ಅವನದು. ಎರಡು ಸಾವಿರದ ಅಂಕಿಯನ್ನು ನಾನಂತೂ ಉಪ್ಪು ಖಾರ ತೆಗೆದೇ ಓದುತ್ತೇನೆ. ಕೊಂಬಿನ ವಿವರ ಮಾತ್ರ ನಂಬುವಂತಿದೆ. ಅಷ್ಟೊಂದು ದಿಡ್ಡಿಗಳಿರುವ ಕೋಟೆಯಲ್ಲಿ ಗುಟ್ಟು ಉಳಿಯಬೇಕಾದದ್ದು ಜಾಗದ್ದೊಂದೇ. ವಾರವನ್ನು ಡಂಗುರ ಸಾರಿದರೂ ನಡೆಯುತ್ತದೆ.

ಮರಾಠರ ಕಾಟ ಮುಗಿಸಿಕೊಂಡು 1779ರಲ್ಲಿ ಹೈದರ್ ಮತ್ತೆ ಬಂದ. ಈ ಸಲ ಅವನನ್ನು ಎಬ್ಬಿಸಲು ಬೇರೆ ಶತ್ರು ಬರಲಿಲ್ಲ. ಕೊನೆಗೂ ಕೋಟೆ ಬಿದ್ದದ್ದು ಗೋಡೆ ಒಡೆದಲ್ಲ. ನಾಯಕನ ಸಂಬಳದಲ್ಲಿದ್ದ ಒಂದು ಪಡೆಯ ಅಧಿಕಾರಿಗಳನ್ನು ಹೈದರ್ ಒಳಗಿಂದೊಳಗೇ ಒಲಿಸಿಕೊಂಡ ಎಂದು ವಿಲ್ಕ್ಸ್ ಬರೆಯುತ್ತಾನೆ. ಅವರು ಮುಸ್ಲಿಮರಾಗಿದ್ದರು ಎಂಬುದನ್ನು ಹಿಡಿದು ಇವತ್ತು ಬೇರೆ ಕಥೆ ಕಟ್ಟುವವರಿದ್ದಾರೆ. ಬೇಡ ನಾಯಕನ ಕೋಟೆಯನ್ನು ಅಷ್ಟು ವರ್ಷ ಕಾದವರಲ್ಲಿ ಅವರೂ ಇದ್ದರು ಎಂಬುದು ಅದೇ ವಾಕ್ಯದಲ್ಲಿದೆ. ಇಂಥ ಬೆಟ್ಟದ ಕೋಟೆಗಳನ್ನು ಆ ಕಾಲದಲ್ಲಿ ಒಳಗಿನವರನ್ನು ಒಲಿಸಿಯೋ ಹಸಿವಿನಿಂದ ಮಣಿಸಿಯೋ ಹಿಡಿದದ್ದೇ ಹೆಚ್ಚು. ದುರ್ಗದಲ್ಲಿ ಎರಡನೆಯದು ನಡೆಯುವಂತಿರಲಿಲ್ಲ. ಹೊಂಡದಲ್ಲಿ ನೀರಿತ್ತು, ಕಣಜದಲ್ಲಿ ಕಾಳಿತ್ತು.

ಮದಕರಿ ನಾಯಕನನ್ನೂ ಕುಟುಂಬವನ್ನೂ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಅಲ್ಲಿಗೆ ಮುಗಿಯಲಿಲ್ಲ. ದುರ್ಗದ ಸೀಮೆಯ ಬೇಡರು ನಾಯಕನಿಲ್ಲದಿದ್ದರೂ ಮತ್ತೆ ಎದ್ದಾರು ಎಂಬ ಭಯ ಹೈದರನಿಗೆ. ಸುಮಾರು 20,000 ಜನರನ್ನು ಎಬ್ಬಿಸಿ ಕಾವೇರಿಯ ದ್ವೀಪಕ್ಕೆ ಸಾಗಿಸಿದ, ಅವರ ಹುಡುಗರನ್ನು ಆಯ್ದು ‘ಚೇಲಾ’ ಪಡೆಗಳನ್ನು ಕಟ್ಟಿದ ಎಂದು ದಾಖಲೆ. ಕೋಟೆಯನ್ನು ಕೆಡವಲಿಲ್ಲ, ಹೈದರ್, ಟಿಪ್ಪು ಇಬ್ಬರೂ ಅದನ್ನು ಬಲಪಡಿಸಿ ಬಳಸಿಕೊಂಡರು. ಒಳಗೆ ಓಡಾಡುವಾಗ ಕಾಣುವ ಎಲ್ಲವೂ ನಾಯಕರ ಕಾಲದ್ದು ಎಂದುಕೊಳ್ಳಬಾರದು ಎನ್ನುವುದು ಅದಕ್ಕೆ. ಹೊಯ್ಸಳರ ಕಾಲದ ಗುಡಿಯ ಪಕ್ಕದಲ್ಲಿ ನಾಯಕರ ಮಂಟಪ, ಅದರಾಚೆ ಫಿರಂಗಿ ಇಡಲೆಂದು ಆಮೇಲೆ ಎತ್ತಿದ ಬತೇರಿ ಇರುವುದು ಸಾಮಾನ್ಯ.

ಹೋಗುವುದಾದರೆ ಮಳೆಗಾಲ ಮುಗಿಯುವ ಹೊತ್ತಿಗೆ, ಅಕ್ಟೋಬರ್–ನವೆಂಬರಿನಲ್ಲಿ ಹೋಗಿ. ಬೆಂಗಳೂರಿನಿಂದ ಸುಮಾರು ಇನ್ನೂರು ಕಿಲೋಮೀಟರು. ಬೇಸಿಗೆಯಲ್ಲಿ ಬಂಡೆ ಕಾಯ್ದು ಕಾಲಿಡಲಾಗುವುದಿಲ್ಲ, ಹೊಂಡಗಳಲ್ಲಿ ನೀರೂ ತಳ ಕಂಡಿರುತ್ತದೆ. ಬೆಳಗ್ಗೆ ಬೇಗ ಹತ್ತಿ, ಮಂಗಗಳಿಗೆ ಕಾಣುವಂತೆ ತಿಂಡಿಯ ಚೀಲ ಹಿಡಿಯಬೇಡಿ. ತುಪ್ಪದ ಕೊಳದ ಬತೇರಿಗೆ ಹತ್ತುವ ದಾರಿಯಲ್ಲಿ ಮೆಟ್ಟಿಲೆಂದರೆ ಬಂಡೆಯಲ್ಲಿ ಕೊರೆದ ಕಾಲ್ಗುಳಿಗಳಷ್ಟೇ, ಹಿಡಿಯಲು ಏನೂ ಸಿಗುವುದಿಲ್ಲ. ಇಳಿಯುವಾಗ ಭಯವಾಗುವವರು ಹತ್ತದಿರುವುದೇ ಲೇಸು. ಹತ್ತಿದವರಿಗೆ ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವುದು ಕಾಣುತ್ತದೆ, ಕೋಟೆಯ ಗೋಡೆಗಳು ಬಂಡೆಯಿಂದ ಬಂಡೆಗೆ ಹೇಗೆ ಜಿಗಿದಿವೆ ಎಂಬುದೂ. ಗೋಪಾಲಸ್ವಾಮಿ ಹೊಂಡದಿಂದ ಶುರುಮಾಡಿ ಅಕ್ಕ–ತಂಗಿ ಹೊಂಡಕ್ಕೆ ಇಳಿಯಿರಿ, ಊರಿಗೆ ಬಂದ ಮೇಲೆ ಸಿಹಿನೀರು ಹೊಂಡ, ಸಂತೆಹೊಂಡ ಎರಡನ್ನೂ ಕೇಳಿಕೊಂಡು ಹೋಗಿ. ಪ್ರವಾಸಿಗಳು ಅತ್ತ ಸುಳಿಯುವುದೇ ಇಲ್ಲ. ರಂಗಯ್ಯನ ಬಾಗಿಲ ಹತ್ತಿರದ ಪ್ರಾಚ್ಯವಸ್ತು ಸಂಗ್ರಹಾಲಯ ಚಿಕ್ಕದು, ನೋಡಲು ಒಂದು ಗಂಟೆ ಸಾಕು. ಮಧ್ಯಾಹ್ನ ಊಟವಾದ ಮೇಲೆ ಚಂದ್ರವಳ್ಳಿಗೆ ಹೋಗಿ, ಮಯೂರಶರ್ಮನ ಬಂಡೆ ನೋಡದೆ ಬರಬೇಡಿ.